ಹೆತ್ತದ್ದೆಷ್ಟು, ಉಳಿದದ್ದೆಷ್ಟು: ಜನಸಂಖ್ಯೆ ಏರಿದ ಲೆಕ್ಕ

ಜನಗಣತಿಯ ಸುದ್ದಿ ಬಂದಾಗಿನಿಂದ ನಮ್ಮ ಬೀದಿಯ ವಾಟ್ಸಾಪ್ ಗುಂಪಿನಲ್ಲಿ ಎರಡು ಮಾತು ಓಡಾಡುತ್ತಿವೆ. ಒಂದು: ‘ಜನ ವಿಪರೀತ ಜಾಸ್ತಿ ಆಗಿಬಿಟ್ರು, ಅದಕ್ಕೇ ನೀರಿಲ್ಲ, ರೋಡಲ್ಲಿ ಕಾಲಿಡೋಕೆ ಜಾಗ ಇಲ್ಲ.’ ಇನ್ನೊಂದು: ‘ನಮ್ಮ ಕಡೆ ಮಕ್ಕಳೇ ಹುಟ್ತಿಲ್ಲ, ಹೀಗೇ ಆದ್ರೆ ಪಾರ್ಲಿಮೆಂಟಲ್ಲಿ ನಮ್ಮನ್ನ ಯಾರು ಕೇಳ್ತಾರೆ?’ ಮೊನ್ನೆ ಇವೆರಡನ್ನೂ ಒಬ್ಬರೇ ಹಿರಿಯರು ಹತ್ತು ನಿಮಿಷದ ಅಂತರದಲ್ಲಿ ಕಳಿಸಿದರು. ಯಾರೋ ನಗುವ ಮುಖ ಹಾಕಿದರು. ಆದರೆ ಎರಡೂ ಮಾತು ಒಟ್ಟಿಗೆ ನಿಜವಾಗಿರಬಹುದು. ಅದು ಹೇಗೆ ಎಂದು ತಿಳಿಯಬೇಕಾದರೆ, ಜನಸಂಖ್ಯೆ ಏರುವುದು ಅಂದರೇನು ಎಂಬಲ್ಲಿಂದ ಶುರು ಮಾಡಬೇಕು.

ಈ ಮಾತು ಈಗ ಎದ್ದಿರುವುದಕ್ಕೆ ಕಾರಣ ಇದೆ. ನಮ್ಮ ದೇಶದಲ್ಲಿ ತಲೆ ಎಣಿಸಿದ್ದು ಕೊನೆಯ ಸಲ 2011ರಲ್ಲಿ. ಆಗ ಸಿಕ್ಕ ಲೆಕ್ಕ 121 ಕೋಟಿ. 2021ರ ಗಣತಿ ಕೋವಿಡ್ ಬಂದು ಮುಂದಕ್ಕೆ ಹೋಯಿತು. ಈ ಸಲ ಹಿಮ ಬೀಳುವ ಕೆಲವು ಪ್ರದೇಶ ಬಿಟ್ಟು ಉಳಿದ ಕಡೆಗೆಲ್ಲ 2027ರ ಮಾರ್ಚ್ 1 ಎಂಬ ದಿನ ಗೊತ್ತುಮಾಡಿದ್ದಾರೆ. ಭಾರತ ಚೀನಾವನ್ನು ದಾಟಿತು, 142 ಕೋಟಿ ಆಯಿತು ಎಂದು 2023ರಲ್ಲಿ ಕೇಳಿದ್ದೆವಲ್ಲ, ಅದು ವಿಶ್ವಸಂಸ್ಥೆಯ ಅಂದಾಜು, ಎಣಿಕೆಯಲ್ಲ. ಅಂದಹಾಗೆ, 2025ರ ದಸರಾ ಆಸುಪಾಸಿನಲ್ಲಿ ಮನೆಗೆ ಬಂದು ಜಾತಿ, ಓದು, ಕೆಲಸ ಎಲ್ಲ ಕೇಳಿಕೊಂಡು ಹೋದರಲ್ಲ, ಅದು ರಾಜ್ಯದ ಸಮೀಕ್ಷೆ. ಅದು ಬೇರೆ, ಇದು ಬೇರೆ.

ಸಂಪಿನ ಲೆಕ್ಕ

ಬೆಂಗಳೂರಿನ ಮನೆಗಳಲ್ಲಿ ಗೇಟಿನ ಒಳಗೆ ಕಾಲಿಟ್ಟರೆ ನೆಲದಡಿ ಒಂದು ಸಂಪು ಇರುತ್ತದೆ. ಕಾವೇರಿ ಪೈಪಿನಿಂದ ನೀರು ಒಳಗೆ ಬರುತ್ತದೆ. ಮೋಟಾರ್ ಹಾಕಿದರೆ ಹೊರಗೆ ಹೋಗುತ್ತದೆ. ಒಂದು ದಿನ ಮುಚ್ಚಳ ತೆಗೆದು ನೋಡಿದಾಗ ನೀರಿನ ಮಟ್ಟ ಏರಿದೆ ಅಂದುಕೊಳ್ಳಿ. ಅದಕ್ಕೆ ಎರಡು ಕಾರಣ ಇರಬಹುದು. ಒಳಗೆ ಬರುವ ನೀರು ಜಾಸ್ತಿ ಆಗಿರಬಹುದು. ಇಲ್ಲವೇ ಹೊರಗೆ ಹೋಗುವ ನೀರು ಕಮ್ಮಿ ಆಗಿರಬಹುದು. ಜನಸಂಖ್ಯೆಯ ಮಾತು ಬಂದಾಗ ನಮಗೆ ಮೊದಲನೆಯದು ಮಾತ್ರ ಹೊಳೆಯುತ್ತದೆ. ಎರಡನೆಯದು ನೆನಪಿಗೇ ಬರುವುದಿಲ್ಲ.

ಹುಟ್ಟು ಒಳಗೆ ಬರುವ ಪೈಪು, ಸಾವು ಹೊರಗೆ ಹೋಗುವ ಪೈಪು. ಎರಡನ್ನೂ ಸಾವಿರ ಜನಕ್ಕೆ ವರ್ಷಕ್ಕೆ ಎಷ್ಟು ಎಂದು ಅಳೆಯುತ್ತಾರೆ. ಅದಕ್ಕೆ ಜನನ ಪ್ರಮಾಣ, ಮರಣ ಪ್ರಮಾಣ ಎಂದು ಹೆಸರು. ಸಾವಿರ ಜನರ ಒಂದು ಹಳ್ಳಿಯಲ್ಲಿ ವರ್ಷಕ್ಕೆ 40 ಮಕ್ಕಳು ಹುಟ್ಟಿ 27 ಜನ ತೀರಿಕೊಂಡರೆ, ಊರಿಗೆ 13 ಜನ ಹೆಚ್ಚಾದಂತೆ.

ಈ 40 ಮತ್ತು 27 ಸುಮ್ನೆ ಹೇಳಿದ್ದಲ್ಲ. 1940ರ ದಶಕದಲ್ಲಿ ಭಾರತದ ಲೆಕ್ಕ ಹೆಚ್ಚುಕಮ್ಮಿ ಅಷ್ಟೇ ಇತ್ತು. ಅದಕ್ಕೂ ಹಿಂದೆ, 1901ರಿಂದ 1911ರ ನಡುವೆ, ಸಾವಿರಕ್ಕೆ ಸುಮಾರು 49 ಹುಟ್ಟು, 43 ಸಾವು. ಒಳಗೆ ಬಂದದ್ದರಲ್ಲಿ ಹೆಚ್ಚಿನದು ಹೊರಗೆ ಹೋಗುತ್ತಿತ್ತು, ಸಂಪು ಏರುತ್ತಿದ್ದದ್ದು ತೀರಾ ನಿಧಾನಕ್ಕೆ. 1971ಕ್ಕೆ ಬನ್ನಿ: 37 ಹುಟ್ಟು, 15 ಸಾವು. ನಡುವಿನ ವ್ಯತ್ಯಾಸ 22. 2020ರಲ್ಲಿ ಹುಟ್ಟು ಸುಮಾರು 20, ಸಾವು 6.

ಈ ಅಂಕಿಗಳನ್ನು ಇನ್ನೊಮ್ಮೆ ನೋಡಿ. ಹುಟ್ಟಿನ ಪೈಪು ಒಟ್ಟಾರೆ ಸಣ್ಣದಾಗುತ್ತಲೇ ಬಂದಿದೆ. ಜನ ಮೊದಲಿಗಿಂತ ಜಾಸ್ತಿ ಹೆರಲು ಶುರು ಮಾಡಿದ್ದರಿಂದ ಜನಸಂಖ್ಯೆ ಏರಲಿಲ್ಲ. ಸಾವಿನ ಪೈಪು ಅದಕ್ಕಿಂತ ಎಷ್ಟೋ ಬೇಗ ಕಿರಿದಾಯಿತು. ಹಾಗಾಗಿ ಏರಿತು.

ಇನ್ನೊಂದು ಮಾತು ಚಕ್ರಬಡ್ಡಿಯದ್ದು. ಹೆಚ್ಚಾದ ಜನಕ್ಕೂ ಮಕ್ಕಳಾಗುತ್ತವೆ, ಬಡ್ಡಿಗೆ ಬಡ್ಡಿ ಬಿದ್ದ ಹಾಗೆ. ದುಡ್ಡು ಎಷ್ಟು ವರ್ಷಕ್ಕೆ ಎರಡರಷ್ಟಾಗುತ್ತದೆ ಎಂದು ನೋಡಲು 70ನ್ನು ಬಡ್ಡಿ ದರದಿಂದ ಭಾಗಿಸುವ ಉಪಾಯ ಕೆಲವರಿಗೆ ಗೊತ್ತಿರಬಹುದು. ಇಲ್ಲಿಯೂ ಅದೇ ನಡೆಯುತ್ತದೆ. ವರ್ಷಕ್ಕೆ ನೂರಕ್ಕೆ 2.2ರಂತೆ ಏರಿದರೆ ಸುಮಾರು 32 ವರ್ಷಕ್ಕೆ ಜನ ಎರಡು ಪಟ್ಟು. 1970ರ ದಶಕದಲ್ಲಿ ನಾವು ಏರುತ್ತಿದ್ದದ್ದು ಇದೇ ವೇಗದಲ್ಲಿ. 1951ರಲ್ಲಿ 36 ಕೋಟಿ ಇದ್ದ ದೇಶ 1981ಕ್ಕೆ 68 ಕೋಟಿ ಮುಟ್ಟಿದ್ದು ಹೀಗೆ.

ಸಂಪಿಗೆ ಮೂರನೆಯ ದಾರಿಯೂ ಒಂದಿದೆ, ಟ್ಯಾಂಕರ್. ಹೊರಗಿನಿಂದ ತಂದು ಸುರಿಯುವುದು. ಅಂದರೆ ವಲಸೆ. ದೇಶದ ಲೆಕ್ಕದಲ್ಲಿ ಅದು ಚಿಕ್ಕದು. ನಮ್ಮ ಊರಿನ ಲೆಕ್ಕದಲ್ಲಿ ಮಾತ್ರ ಅದೇ ದೊಡ್ಡ ವಿಷಯ. ಆಮೇಲೆ ಬರುತ್ತೇನೆ.

ಸಾವು ಹಿಂದೆ ಸರಿದದ್ದು

ನಮ್ಮ ಅಜ್ಜಿಯ ಊರು ಗುಬ್ಬಿ ಹತ್ತಿರದ ಒಂದು ಹಳ್ಳಿ. ಅಜ್ಜಿ ಹೆತ್ತದ್ದು ಒಂಬತ್ತು. ಉಳಿದದ್ದು ಐದು. ಒಂದು ಹುಟ್ಟುವಾಗಲೇ ಹೋಯಿತು. ಎರಡನ್ನು ದಡಾರ ತೆಗೆದುಕೊಂಡು ಹೋಯಿತು. ಇನ್ನೊಂದು ವಾಂತಿಭೇದಿಯಾಗಿ ಎರಡೇ ದಿನದಲ್ಲಿ ತೀರಿಕೊಂಡಿತು. ಇದನ್ನು ಅಜ್ಜಿ ಹೇಳುವಾಗ ದನಿಯಲ್ಲಿ ಅಂಥ ವಿಶೇಷ ದುಃಖ ಇರುತ್ತಿರಲಿಲ್ಲ. ಅಕ್ಕಪಕ್ಕದ ಮನೆಯಲ್ಲೂ ಹಾಗೇ ಆಗಿತ್ತು ಅಲ್ವಾ.

ಊರುಗಳೇ ಖಾಲಿಯಾಗುತ್ತಿದ್ದ ಕಾಲ ತೀರಾ ಹಳೆಯದೇನಲ್ಲ. ಬೆಂಗಳೂರಿಗೆ 1898ರಲ್ಲಿ ಪ್ಲೇಗ್ ಬಂತು. ಸತ್ತವರು ಸತ್ತರು, ಉಳಿದವರಲ್ಲಿ ಎಷ್ಟೋ ಜನ ಊರು ಬಿಟ್ಟರು. 1901ರ ಗಣತಿಯಲ್ಲಿ ಬೆಂಗಳೂರಿನ ಜನ ಹತ್ತು ವರ್ಷದ ಹಿಂದಿಗಿಂತ ಕಮ್ಮಿ ಇದ್ದರು! ಇವತ್ತಿನ ಬೆಂಗಳೂರಿನಲ್ಲಿ ಕೂತು ಇದನ್ನು ಊಹಿಸಿಕೊಳ್ಳುವುದೂ ಕಷ್ಟ. ಕಿಕ್ಕಿರಿದ ಪೇಟೆಯಿಂದ ಜನರನ್ನು ಹೊರಗೆ ತರಲು ಅಗಲ ರಸ್ತೆ, ಗಾಳಿ ಬೆಳಕು ಇರುವ ಬಡಾವಣೆಗಳನ್ನು ಕಟ್ಟಿದರು. ಬಸವನಗುಡಿ, ಮಲ್ಲೇಶ್ವರ ಬೆಳೆದದ್ದು ಹಾಗೆ. ಪ್ಲೇಗ್ ಮಾರಮ್ಮನ ಗುಡಿಗಳು ಇಂದಿಗೂ ಇವೆ.

1918ರಲ್ಲಿ ಬಂದ ಇನ್‌ಫ್ಲುಯೆಂಜಾ ಜ್ವರ ಇನ್ನೂ ಭಯಂಕರ. 1911ರಲ್ಲಿ 25.2 ಕೋಟಿ ಇದ್ದ ದೇಶದ ಜನ 1921ರಲ್ಲಿ 25.1 ಕೋಟಿ. ಹತ್ತು ವರ್ಷ ಮಕ್ಕಳು ಹುಟ್ಟಿಯೂ ಒಟ್ಟು ಲೆಕ್ಕ ಇಳಿಯಿತು. ಅದಾದ ಮೇಲೆ ಒಂದು ಗಣತಿಯಲ್ಲೂ ಇಳಿದಿಲ್ಲ. ಹಾಗಾಗಿ ಜನಸಂಖ್ಯೆ ಓದುವವರು 1921ನ್ನು ದೊಡ್ಡ ತಿರುವಿನ ವರ್ಷ ಎನ್ನುತ್ತಾರೆ.

ಮುಂದೆ ಏನೇನು ಬದಲಾಯಿತು? ಒಂದೇ ಒಂದು ಪವಾಡ ನಡೆಯಲಿಲ್ಲ. ಬರ ಬಿದ್ದ ಸೀಮೆಗೆ ಧಾನ್ಯ ಸಾಗಿಸುವ ವ್ಯವಸ್ಥೆ ಸುಧಾರಿಸಿತು. ನಲ್ಲಿ ನೀರು ಬಂತು, ಅದಕ್ಕೆ ಕ್ಲೋರಿನ್ ಬಿತ್ತು. ಸ್ವಾತಂತ್ರ್ಯದ ಹೊತ್ತಿಗೆ ವರ್ಷಕ್ಕೆ ಏಳೂವರೆ ಕೋಟಿ ಜನಕ್ಕೆ ಮಲೇರಿಯಾ ಬರುತ್ತಿತ್ತು, ಸುಮಾರು 8 ಲಕ್ಷ ಜನ ಸಾಯುತ್ತಿದ್ದರು ಎಂಬ ಅಂದಾಜಿದೆ. ಮನೆಮನೆಯ ಗೋಡೆಗೆ ಡಿಡಿಟಿ ಹೊಡೆದರು. 1960ರ ದಶಕದ ನಡುವಿಗೆ ಒಂದು ವರ್ಷದ ಮಲೇರಿಯಾ ಪ್ರಕರಣ ಸುಮಾರು ಒಂದು ಲಕ್ಷಕ್ಕೆ ಇಳಿದಿತ್ತು. ಸಿಡುಬು 1975ರಲ್ಲಿ ದೇಶ ಬಿಟ್ಟಿತು. ಪೆನಿಸಿಲಿನ್ ಬಂತು. ಭೇದಿಯಾದ ಮಗುವಿಗೆ ಉಪ್ಪು ಸಕ್ಕರೆ ಬೆರೆಸಿದ ನೀರು ಕುಡಿಸಿದರೆ ಜೀವ ಉಳಿಯುತ್ತದೆ ಎಂಬ ತಿಳಿವಳಿಕೆ ಬಂತು. ಅಜ್ಜಿಯ ಆ ಮಗುವಿಗೆ ಬೇಕಿದ್ದದ್ದು ಬಹುಶಃ ಅಷ್ಟೇ.

ಹುಟ್ಟಿದ ಸಾವಿರ ಮಕ್ಕಳಲ್ಲಿ ವರ್ಷ ತುಂಬುವ ಮುಂಚೆ ಎಷ್ಟು ಸಾಯುತ್ತವೆ ಎಂಬುದನ್ನು ಶಿಶು ಮರಣ ಪ್ರಮಾಣ ಎನ್ನುತ್ತಾರೆ. 1971ರಲ್ಲಿ ಅದು 129 ಇತ್ತು. 2020ರಲ್ಲಿ 28. ಸ್ವಾತಂತ್ರ್ಯದ ಹೊತ್ತಿಗೆ ಹುಟ್ಟಿದ ಮಗುವಿನ ಸರಾಸರಿ ಆಯಸ್ಸು ಸುಮಾರು 32 ವರ್ಷ, ಈಗ ಹತ್ತಿರ ಹತ್ತಿರ 70.

ಬಡ ದೇಶಗಳಲ್ಲೇ ಈ ಏರಿಕೆ ಇಷ್ಟು ಜೋರಾಗಿ ಆದದ್ದು ಯಾಕೆ ಎಂಬ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಯುರೋಪಿನಲ್ಲಿ ಸಾವು ನಿಧಾನಕ್ಕೆ, ನೂರು ವರ್ಷಕ್ಕೂ ಹೆಚ್ಚು ಕಾಲ ತೆಗೆದುಕೊಂಡು ಇಳಿಯಿತು. ಅಲ್ಲಿ ಲಸಿಕೆ, ಔಷಧ, ಚರಂಡಿ ಎಲ್ಲವನ್ನೂ ಒಂದೊಂದಾಗಿ ಕಂಡುಹಿಡಿಯಬೇಕಿತ್ತು. ಅಷ್ಟರಲ್ಲಿ ಜನರ ಬದುಕೂ ಬದಲಾಯಿತು, ಹೆರಿಗೆಯೂ ಇಳಿಯಿತು. ನಮಗೆ ಔಷಧ ಸಿದ್ಧವಾಗಿ ಸಿಕ್ಕಿತು. ಸಾವು ಎರಡು ತಲೆಮಾರಿನೊಳಗೆ ಇಳಿದುಬಿಟ್ಟಿತು. ಹೆರಿಗೆಯ ಅಭ್ಯಾಸ ಅಷ್ಟು ಬೇಗ ಬದಲಾಗಲಿಲ್ಲ. ಲಸಿಕೆ ಲಾರಿಯಲ್ಲಿ ಬರುತ್ತದೆ, ಮನಸ್ಸು ಬದಲಾಗುವುದಕ್ಕೆ ಲಾರಿ ಇಲ್ಲ. ಇವತ್ತು ಇದೇ ಹಂತದಲ್ಲಿರುವುದು ನೈಜರ್, ಕಾಂಗೋದಂಥ ಆಫ್ರಿಕಾದ ದೇಶಗಳು.

ಒಂಬತ್ತು ಯಾಕೆ ಹೆತ್ತರು?

‘ಓದಿಲ್ಲದವರು, ತಿಳಿವಳಿಕೆ ಇಲ್ಲ’ ಎಂದು ಹೇಳಿ ಮುಗಿಸುವುದು ಸುಲಭ. ನನಗೆ ಅದು ಒಪ್ಪುವ ಮಾತಲ್ಲ. ಅಜ್ಜಿಯ ಜಾಗದಲ್ಲಿ ನಿಂತು ನೋಡಿದರೆ ಲೆಕ್ಕ ಸರಿಯಾಗಿಯೇ ಇತ್ತು.

ಒಂಬತ್ತರಲ್ಲಿ ನಾಲ್ಕು ಉಳಿಯುವುದಿಲ್ಲ ಎಂಬುದು ಗೊತ್ತಿದ್ದಾಗ ಎರಡಕ್ಕೇ ನಿಲ್ಲಿಸುವ ಧೈರ್ಯ ಯಾರಿಗಿತ್ತು? ಹೊಲದಲ್ಲಿ ಕಳೆ ಕೀಳಲು, ದನ ಕಾಯಲು, ನೀರು ಹೊರಲು ಕೈ ಬೇಕು. ಏಳು ವರ್ಷದ ಮಗು ತಿನ್ನುವುದಕ್ಕಿಂತ ಜಾಸ್ತಿ ದುಡಿಯುತ್ತಿತ್ತು. ಪಿಂಚಣಿ ಇಲ್ಲ, ವಿಮೆ ಇಲ್ಲ, ಬ್ಯಾಂಕು ಇಲ್ಲ. ಮುಪ್ಪಿನಲ್ಲಿ ಅನ್ನ ಹಾಕುವವನು ಮಗ. ಒಬ್ಬನೇ ಮಗನಿದ್ದು ಅವನಿಗೇನಾದರೂ ಆದರೆ? ಹಾಗಾಗಿ ಇಬ್ಬರಾದರೂ ಗಂಡು ಬೇಕು. ಗಂಡು ಹುಟ್ಟುವವರೆಗೆ ಹೆರಿಗೆ ನಿಲ್ಲುತ್ತಿರಲಿಲ್ಲ. ಹದಿಮೂರು ಹದಿನಾಲ್ಕಕ್ಕೆ ಮದುವೆ. ಹಿರಿಯರಿಗೆ ನಮಸ್ಕಾರ ಮಾಡಿದರೆ ಸಿಗುತ್ತಿದ್ದ ಆಶೀರ್ವಾದವೇ ‘ಅಷ್ಟಪುತ್ರ ಸೌಭಾಗ್ಯವತಿ’. ಸಾಕು ಎನಿಸಿದರೂ ತಡೆಯುವ ಉಪಾಯ ಕೈಯಲ್ಲಿ ಇರಲಿಲ್ಲ. ಇದ್ದರೂ ಸೊಸೆಯ ಮಾತು ಆ ಮನೆಯಲ್ಲಿ ನಡೆಯುತ್ತಿರಲಿಲ್ಲ.

ಬಡತನದಿಂದ ಮಕ್ಕಳು ಜಾಸ್ತಿಯೋ, ಮಕ್ಕಳು ಜಾಸ್ತಿಯಾದ್ದರಿಂದ ಬಡತನವೋ ಎಂದು ಕೇಳುತ್ತಾರೆ. ಬೀಜ ಮೊದಲೋ ವೃಕ್ಷ ಮೊದಲೋ ಎಂದ ಹಾಗೆ. ಎರಡೂ ಒಂದನ್ನೊಂದು ಬೆಳೆಸುತ್ತವೆ.

ಎರಡಕ್ಕೆ ಇಳಿದ ದಾರಿ

ಒಬ್ಬ ಹೆಣ್ಣುಮಗಳು ಜೀವಮಾನದಲ್ಲಿ ಸರಾಸರಿ ಎಷ್ಟು ಮಕ್ಕಳನ್ನು ಹೆರುತ್ತಾಳೆ ಎಂಬ ಲೆಕ್ಕಕ್ಕೆ ಒಟ್ಟು ಫಲವತ್ತತೆ ದರ ಎಂದು ಹೆಸರು. ಪತ್ರಿಕೆಗಳಲ್ಲಿ ಟಿಎಫ್‌ಆರ್ ಎಂದು ಬರುವುದು ಇದೇ. ಇದು 2.1 ಇದ್ದರೆ ಒಂದು ತಲೆಮಾರಿನ ಜಾಗಕ್ಕೆ ಇನ್ನೊಂದು ತಲೆಮಾರು ಬಂದು ಕೂತ ಹಾಗೆ. ಅಪ್ಪ ಅಮ್ಮನ ಜಾಗಕ್ಕೆ ಎರಡು. ಕೆಲವು ಮಕ್ಕಳು ದೊಡ್ಡವರಾಗುವ ಮುಂಚೆ ಸಾಯುತ್ತವೆ, ಹುಟ್ಟುವಾಗ ಹೆಣ್ಣಿಗಿಂತ ಗಂಡು ಸ್ವಲ್ಪ ಜಾಸ್ತಿ, ಅದಕ್ಕೆಂದು ಆ 0.1.

1950ರ ದಶಕದಲ್ಲಿ ಭಾರತದ ದರ ಸುಮಾರು 6. 1992–93ರಲ್ಲಿ 3.4. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 2.0. ಕರ್ನಾಟಕದ್ದು 1.7, ತಮಿಳುನಾಡು, ಕೇರಳದ್ದು 1.8. ಬಿಹಾರದ್ದು 3.0. ಅಂದರೆ ನಮ್ಮ ರಾಜ್ಯದಲ್ಲಿ ಎರಡು ತಲೆಗೆ ಎರಡೂ ಬರುತ್ತಿಲ್ಲ.

ಹೇಗಾಯಿತು ಇದು? ಸರ್ಕಾರದ ಪಾಲು ಇದೆ. 1930ರಲ್ಲೇ ಮೈಸೂರು ಸಂಸ್ಥಾನ ಬೆಂಗಳೂರು ಮತ್ತು ಮೈಸೂರಿನಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆಯಿತು. ಸರ್ಕಾರವೇ ಇಂಥದ್ದನ್ನು ತೆರೆದದ್ದು ಜಗತ್ತಿನಲ್ಲಿ ಅದೇ ಮೊದಲು ಎನ್ನುತ್ತಾರೆ. 1952ರಲ್ಲಿ ದೇಶಕ್ಕೆಲ್ಲ ಕುಟುಂಬ ಯೋಜನೆ ಬಂತು. ಗೋಡೆಯ ಮೇಲಿನ ಕೆಂಪು ತ್ರಿಕೋನ, ‘ಆರತಿಗೊಬ್ಬಳು ಕೀರ್ತಿಗೊಬ್ಬ’ ನೋಡಿ ಬೆಳೆದವರು ಇದನ್ನು ಓದುತ್ತಿರಬಹುದು. ತುರ್ತು ಪರಿಸ್ಥಿತಿಯಲ್ಲಿ ಬಲವಂತದ ಶಸ್ತ್ರಚಿಕಿತ್ಸೆ ನಡೆಯಿತು. 1976–77ರ ಒಂದೇ ವರ್ಷದಲ್ಲಿ ನಡೆದ ಸಂತಾನಹರಣ ಶಸ್ತ್ರಚಿಕಿತ್ಸೆ ಎಲ್ಲ ಸೇರಿ 80 ಲಕ್ಷಕ್ಕೂ ಹೆಚ್ಚು. ಅದರಿಂದ ಹೆರಿಗೆ ಇಳಿದದ್ದಕ್ಕಿಂತ ಜನರಿಗೆ ಕಾರ್ಯಕ್ರಮದ ಮೇಲೆ ಹುಟ್ಟಿದ ಭಯವೇ ಜಾಸ್ತಿ. ಆಮೇಲೆ ಹೊರೆ ಪೂರ್ತಿ ಹೆಂಗಸರ ಮೇಲೆ ಬಿತ್ತು. ಆ 2019–21ರ ಸಮೀಕ್ಷೆಯ ಪ್ರಕಾರ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ ಸುಮಾರು 38 ಜನ ಆಪರೇಷನ್ ಮಾಡಿಸಿಕೊಂಡಿದ್ದಾರೆ. ಗಂಡಂದಿರ ಪಾಲು 0.3. ಗಂಡಸರದ್ದು ಸುಲಭದ, ಹತ್ತು ಇಪ್ಪತ್ತು ನಿಮಿಷದ ಕೆಲಸ. ಆದರೂ ಹೀಗೆ.

ಆದರೆ ನಿಜವಾಗಿ ಕೆಲಸ ಮಾಡಿದ್ದು ಎರಡು ಸಂಗತಿ. ಮೊದಲನೆಯದು, ಹುಟ್ಟಿದ ಮಗು ಉಳಿಯುತ್ತದೆ ಎಂಬ ನಂಬಿಕೆ. ಅದು ಬರಲು ಒಂದು ತಲೆಮಾರು ಬೇಕಾಯಿತು. ಎರಡನೆಯದು ಹೆಣ್ಣುಮಕ್ಕಳ ಶಾಲೆ. 1951ರಲ್ಲಿ ಓದು ಬರಹ ಬಲ್ಲ ಹೆಂಗಸರು ನೂರಕ್ಕೆ 9 ಜನ ಇದ್ದರು, 2011ಕ್ಕೆ ಸುಮಾರು 65. ಶಾಲೆಗೇ ಹೋಗದ ಹೆಂಗಸರಿಗೆ ಸರಾಸರಿ 2.8 ಮಕ್ಕಳು, 12ನೇ ತರಗತಿ ಮುಗಿಸಿದವರಿಗೆ 1.8 ಎನ್ನುತ್ತದೆ ಅದೇ ಸಮೀಕ್ಷೆ. ಶಾಲೆಯಲ್ಲಿ ಜನಸಂಖ್ಯೆಯ ಪಾಠ ಓದಿದ್ದರಿಂದ ಹೀಗಾಗಲಿಲ್ಲ. ಓದುತ್ತಿದ್ದರೆ ಮದುವೆ ತಡವಾಗುತ್ತದೆ. ಕೈಗೆ ಸಂಬಳ ಬಂದರೆ ಮನೆಯಲ್ಲಿ ಮಾತಿಗೆ ಬೆಲೆ ಬರುತ್ತದೆ. ಮತ್ತೆ ಮಕ್ಕಳ ಲೆಕ್ಕವೇ ತಿರುಗಿತು. ದನ ಕಾಯುತ್ತಿದ್ದ ಮಗು ಮನೆಗೆ ಆದಾಯ, ಎಲ್‌ಕೆಜಿಗೆ ಹೋಗುವ ಮಗು ಖರ್ಚು. ಬೆಂಗಳೂರಿನಲ್ಲಿ ಎಲ್‌ಕೆಜಿ ಫೀಸು ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಳಿದ ಮೇಲೂ ಏರುತ್ತಿರುವುದು ಯಾಕೆ?

ದರ 2.1ಕ್ಕಿಂತ ಕೆಳಗೆ ಬಂದಿದೆ, ಆದರೂ ಜನ ಹೆಚ್ಚುತ್ತಲೇ ಇದ್ದಾರೆ. ಇದು ಎಷ್ಟೋ ಜನರನ್ನು ಗೊಂದಲಕ್ಕೆ ಹಾಕುತ್ತದೆ.

ಮತ್ತೆ ಅಜ್ಜಿಯ ಮನೆಗೆ ಹೋಗೋಣ. ಅಜ್ಜ ಅಜ್ಜಿ ಇಬ್ಬರು. ಉಳಿದ ಮಕ್ಕಳು ಐವರು. ಆ ಐವರಲ್ಲಿ ಯಾರೂ ಮೂರಕ್ಕಿಂತ ಹೆಚ್ಚು ಹೆರಲಿಲ್ಲ, ಹೆಚ್ಚಿನವರು ಎರಡಕ್ಕೇ ನಿಲ್ಲಿಸಿದರು. ಆದರೂ ಮೊಮ್ಮಕ್ಕಳು ಹನ್ನೊಂದು. ಹನ್ನೊಂದು ಮೊಮ್ಮಕ್ಕಳಲ್ಲಿ ಹಲವರಿಗೆ ಒಂದೊಂದೇ ಮಗು, ಒಬ್ಬರಿಗೆ ಮಕ್ಕಳಿಲ್ಲ. ಆದರೂ ಮರಿಮಕ್ಕಳು ಹದಿಮೂರು. ಹೆರಿಗೆ ಒಂಬತ್ತರಿಂದ ಒಂದೆರಡಕ್ಕೆ ಇಳಿದಿದೆ, ಹಬ್ಬಕ್ಕೆ ಹಾಕುವ ಎಲೆ ಮಾತ್ರ ಪ್ರತಿ ತಲೆಮಾರಿಗೂ ಹೆಚ್ಚಾಗಿದೆ. ಹೆರುವ ವಯಸ್ಸಿನವರೇ ಜಾಸ್ತಿ ಇದ್ದಾಗ, ಒಬ್ಬೊಬ್ಬರು ಕಮ್ಮಿ ಹೆತ್ತರೂ ಒಟ್ಟು ಮಕ್ಕಳು ಕಮ್ಮಿಯಾಗುವುದಿಲ್ಲ. ಹಗ್ಗ ಬಿಟ್ಟ ಮೇಲೂ ಬುಗುರಿ ಸ್ವಲ್ಪ ಹೊತ್ತು ತಿರುಗುತ್ತದಲ್ಲ, ಹಾಗೆ. ಭಾರತದ ಬುಗುರಿ 2060ರ ದಶಕದ ಆರಂಭದ ಹೊತ್ತಿಗೆ ಸುಮಾರು 170 ಕೋಟಿ ಮುಟ್ಟಿ, ಆಮೇಲೆ ಇಳಿಯುತ್ತದೆ ಎಂಬುದು ವಿಶ್ವಸಂಸ್ಥೆಯ 2024ರ ಅಂದಾಜು.

ಎಲೆ ಹೆಚ್ಚಾದಾಗ

ಎಂಟು ಎಲೆಗೆಂದು ಮಾಡಿದ ಒಬ್ಬಟ್ಟು, ಕೂತವರು ಹದಿನಾರು. ಜನ ಬೇಗ ಹೆಚ್ಚಾದರೆ ಆಗುವುದೇ ಇದು. ಅಡುಗೆಮನೆಯೂ ಅದೇ ವೇಗದಲ್ಲಿ ಬೆಳೆದರೆ ಯಾರಿಗೂ ಗೊತ್ತಾಗುವುದಿಲ್ಲ. ಬೆಳೆಯದಿದ್ದರೆ ಒಬ್ಬೊಬ್ಬರ ಪಾಲು ಸಣ್ಣದಾಗುತ್ತದೆ.

ಎಲ್ಲರೂ ಹೆದರಿದ್ದು ಅನ್ನದ ಬಗ್ಗೆ. 1960ರ ದಶಕದಲ್ಲಿ ಅಮೆರಿಕದಿಂದ ಬಂದ ಗೋಧಿಗೆ ರೇಷನ್ ಅಂಗಡಿಯಲ್ಲಿ ಸಾಲು ನಿಂತದ್ದು ಹಿರಿಯರಿಗೆ ನೆನಪಿದೆ. ಆದರೆ ಆ ಭಯ ನಿಜವಾಗಲಿಲ್ಲ. 1950–51ರಲ್ಲಿ ದೇಶ ಬೆಳೆದದ್ದು ಸುಮಾರು 5 ಕೋಟಿ ಟನ್ ಆಹಾರ ಧಾನ್ಯ. 2022–23ರಲ್ಲಿ ಸುಮಾರು 33 ಕೋಟಿ ಟನ್. ಜನ ನಾಲ್ಕು ಪಟ್ಟಾದರು, ಧಾನ್ಯ ಆರು ಪಟ್ಟು ದಾಟಿತು. ಬೆಲೆ ತೆತ್ತದ್ದು ನೆಲ ಮತ್ತು ಅಂತರ್ಜಲ.

ಬಿಗಿಯಾದದ್ದು ಜಮೀನು. ನಮ್ಮ ಅಜ್ಜನಿಗೆ ಆರು ಎಕರೆ ಇತ್ತು. ಮೂವರು ಗಂಡುಮಕ್ಕಳಿಗೆ ತಲಾ ಎರಡು ಎಕರೆ ಬಂತು. ಹೆಣ್ಣುಮಕ್ಕಳಿಗೆ ಆಗ ಪಾಲು ಕೊಡುವ ಮಾತೇ ಇರಲಿಲ್ಲ. ದೊಡ್ಡಪ್ಪನ ಇಬ್ಬರು ಮಕ್ಕಳಿಗೆ ಒಂದೊಂದು ಎಕರೆ. ಒಂದು ಎಕರೆ ರಾಗಿಯಲ್ಲಿ ಸಂಸಾರ ನಡೆಯುತ್ತದಾ? ಇಬ್ಬರೂ ಬೆಂಗಳೂರಿನಲ್ಲಿದ್ದಾರೆ. ದೇಶದ ಲೆಕ್ಕವೂ ಹೀಗೇ ಇದೆ. 1970–71ರಲ್ಲಿ ಸರಾಸರಿ ಹಿಡುವಳಿ ಸುಮಾರು 5.6 ಎಕರೆ, 2015–16ಕ್ಕೆ 2.7 ಎಕರೆ.

ಶಾಲೆ, ಆಸ್ಪತ್ರೆಗಳ ಕಷ್ಟ ಬೇರೆ ಥರದ್ದು. ವರ್ಷ ವರ್ಷ ಹೊಸದಾಗಿ ಬರುವ ಮಕ್ಕಳಿಗೆ ಬೆಂಚು ಒದಗಿಸುವುದರಲ್ಲೇ ದುಡ್ಡು ಮುಗಿದರೆ, ಒಳ್ಳೆಯ ಮೇಷ್ಟ್ರನ್ನು ಹಾಕಲು ಏನೂ ಉಳಿಯುವುದಿಲ್ಲ. ಆಮೇಲೆ ಆ ಮಕ್ಕಳು ದೊಡ್ಡವರಾಗುತ್ತಾರೆ, ಎಲ್ಲರೂ ಒಟ್ಟಿಗೆ ಕೆಲಸ ಕೇಳುತ್ತಾರೆ. ಮೇಲಿಂದ ಮೇಲೆ ಬಸುರಾದ ತಾಯಿಯ ರಕ್ತಹೀನತೆ ಯಾವ ಬಜೆಟ್ಟಿನಲ್ಲೂ ಕಾಣಿಸುವುದಿಲ್ಲ.

ಇದರಲ್ಲಿ ಲಾಭದ ಒಂದು ಕಾಲವೂ ಇದೆ. ಹೆರಿಗೆ ಇಳಿದ ಮೇಲೆ ಮೂವತ್ತು ನಲವತ್ತು ವರ್ಷ ಮನೆಯಲ್ಲಿ ದುಡಿಯುವವರು ಜಾಸ್ತಿ, ಕೂತು ಉಣ್ಣುವ ಮಕ್ಕಳು, ಮುದುಕರು ಕಮ್ಮಿ. ಆಗ ಕೈಯಲ್ಲಿ ನಾಲ್ಕು ಕಾಸು ಉಳಿಯುತ್ತದೆ. ಭಾರತದಲ್ಲಿ ಈಗ ಮೂರರಲ್ಲಿ ಎರಡು ಪಾಲು ಜನ 15ರಿಂದ 64ರ ವಯಸ್ಸಿನವರು. ಈ ಲಾಭ ತಾನಾಗಿ ಬರುವುದಿಲ್ಲ, ದುಡಿಯುವ ವಯಸ್ಸಿನವರಿಗೆ ದುಡಿಮೆ ಸಿಗಬೇಕು. ಮತ್ತೆ ಆ ವಯಸ್ಸು ದಾಟಿದರೆ ಅವಕಾಶವೂ ದಾಟಿದಂತೆ.

ಬೆಂಗಳೂರಿನದ್ದು ಟ್ಯಾಂಕರ್ ಲೆಕ್ಕ

ಈಗ ವಾಟ್ಸಾಪ್‌ನ ಮೊದಲ ಮಾತಿಗೆ ಬರೋಣ. 2001ರಿಂದ 2011ರ ಹತ್ತು ವರ್ಷದಲ್ಲಿ ಕರ್ನಾಟಕದ ಜನ ಹೆಚ್ಚಾದದ್ದು ನೂರಕ್ಕೆ 15.6. ಅದೇ ಹತ್ತು ವರ್ಷದಲ್ಲಿ ಬೆಂಗಳೂರು ನಗರ ಜಿಲ್ಲೆಯಲ್ಲಿ ನೂರಕ್ಕೆ 47. ಬೆಂಗಳೂರಿನ ಹೆಂಗಸರು ರಾಜ್ಯದ ಉಳಿದ ಹೆಂಗಸರಿಗಿಂತ ಮೂರು ಪಟ್ಟು ಹೆರುತ್ತಾರಾ? ಇಲ್ಲ. ಆ ವ್ಯತ್ಯಾಸ ಬಂದದ್ದು ಬಸ್ಸಿನಲ್ಲಿ, ರೈಲಿನಲ್ಲಿ.

ಇದು ಐಟಿ ಕಾಲದ್ದು ಮಾತ್ರ ಅಲ್ಲ. 1941ರಲ್ಲಿ 4 ಲಕ್ಷ ಇದ್ದ ಊರು 1951ಕ್ಕೆ ಏಳೂ ಮುಕ್ಕಾಲು ಲಕ್ಷ ದಾಟಿತ್ತು. 1940ರಲ್ಲಿ ಎಚ್‌ಎಎಲ್ ಶುರುವಾಗಿತ್ತು, ಹಿಂದೆಯೇ ಐಟಿಐ, ಎಚ್‌ಎಂಟಿ, ಬಿಇಎಲ್ ಬಂದವು. ಕೆಲಸ ಇದ್ದಲ್ಲಿಗೆ ಜನ ಬಂದರು. 1981ರಲ್ಲಿ 29 ಲಕ್ಷ, 2001ರಲ್ಲಿ 57 ಲಕ್ಷ, 2011ರಲ್ಲಿ 85 ಲಕ್ಷ. ನಡುವೆ ಊರಿನ ಗಡಿಯೂ ಹಿಗ್ಗಿತು. 2007ರಲ್ಲಿ ಸುತ್ತಲಿನ 110 ಹಳ್ಳಿಗಳನ್ನು ಪಾಲಿಕೆಗೆ ಸೇರಿಸಿದಾಗ, ಇದ್ದಲ್ಲೇ ಇದ್ದ ಜನ ಬೆಳಗಾಗುವಷ್ಟರಲ್ಲಿ ಬೆಂಗಳೂರಿನವರಾದರು.

ನೀರು ಇದನ್ನೆಲ್ಲ ಓಡಿ ಓಡಿ ಹಿಂಬಾಲಿಸಿತು. 1896ರಲ್ಲಿ ಹೆಸರಘಟ್ಟದ ಕೆರೆ, 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ, 1974ರಲ್ಲಿ ಕಾವೇರಿ. ಕಾವೇರಿ ನೀರನ್ನು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಮೇಲಕ್ಕೆ ಎತ್ತಿ ತರಬೇಕು. 2024ರ ಬೇಸಿಗೆಯಲ್ಲಿ ನಗರದ ಸುಮಾರು 14 ಸಾವಿರ ಸರ್ಕಾರಿ ಕೊಳವೆಬಾವಿಗಳಲ್ಲಿ ಅರ್ಧದಷ್ಟು ಬತ್ತಿದವು. ಆ ವರ್ಷದ ಅಕ್ಟೋಬರ್‌ನಲ್ಲಿ ಕಾವೇರಿ ಯೋಜನೆಯ ಐದನೇ ಹಂತ ಬಂತು, ದಿನಕ್ಕೆ 77.5 ಕೋಟಿ ಲೀಟರ್, ಆ 110 ಹಳ್ಳಿಗಳಿಗೆಂದೇ. ಊರಿಗೆ ಸೇರಿ 17 ವರ್ಷ ಆದ ಮೇಲೆ.

ಇಲ್ಲಿ ಒಂದು ಎಚ್ಚರಿಕೆ. ‘ಜನ ಜಾಸ್ತಿ’ ಎಂಬ ಮಾತು ಎಷ್ಟೋ ಸಲ ಬೇರೆ ತಪ್ಪುಗಳನ್ನು ಮುಚ್ಚುವ ಕಂಬಳಿಯಾಗುತ್ತದೆ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಧರ್ಮಾಂಬುಧಿ ಕೆರೆಯ ಜಾಗದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಇದೆ. ನೆಲಕ್ಕೆಲ್ಲ ಸಿಮೆಂಟು ಬಳಿದು ಮಳೆ ನೀರನ್ನು ಚರಂಡಿಗೆ ಬಿಟ್ಟೆವು. ಊರಿನಲ್ಲಿ ನೋಂದಣಿಯಾದ ವಾಹನ ಒಂದು ಕೋಟಿ ದಾಟಿವೆ, ರಸ್ತೆ ತುಂಬಿರುವುದು ತಲೆಗಳಿಂದಲ್ಲ. ಒಂದು ಬಸ್ಸಿನಲ್ಲಿ ಹಿಡಿಸುವ ಅರವತ್ತು ಜನ ಅರವತ್ತು ಕಾರಿನಲ್ಲಿ ಹೊರಟರೆ ಅದಕ್ಕೆ ಜನನ ಪ್ರಮಾಣವನ್ನು ಬೈದರೆ ಏನು ಬಂತು?

ಸೀಟಿನ ಪ್ರಶ್ನೆ

ಎರಡನೆಯ ಮಾತು. ಲೋಕಸಭೆಯಲ್ಲಿ ಯಾವ ರಾಜ್ಯಕ್ಕೆ ಎಷ್ಟು ಸೀಟು ಎಂಬುದು ಜನಸಂಖ್ಯೆಯ ಮೇಲೆ ನಿಂತದ್ದು. ಹಾಗಿದ್ದರೆ ಹೆರಿಗೆ ಇಳಿಸಿದ ರಾಜ್ಯಕ್ಕೆ ಸೀಟು ಕಮ್ಮಿಯಾಗಬೇಕಲ್ಲ? ಈ ತೊಡಕು ಹಿಂದೆಯೇ ಕಂಡಿತ್ತು. 1976ರಲ್ಲಿ ಸಂವಿಧಾನ ತಿದ್ದಿ, ಸೀಟಿನ ಹಂಚಿಕೆಯನ್ನು 1971ರ ಗಣತಿಗೇ ಕಟ್ಟಿಹಾಕಿದರು. 2001ರಲ್ಲಿ ಇನ್ನೊಂದು ತಿದ್ದುಪಡಿ ಬಂದು, 2026ರ ನಂತರದ ಮೊದಲ ಗಣತಿಯ ಅಂಕಿ ಬರುವವರೆಗೆ ಅದನ್ನೇ ಮುಂದುವರಿಸಿತು. ಕರ್ನಾಟಕದ 28 ಸೀಟು ಅರ್ಧ ಶತಮಾನದ ಹಿಂದಿನ ತಲೆ ಎಣಿಕೆಯ ಮೇಲೆ ನಿಂತಿರುವುದು ಹೀಗೆ.

ಎರಡೂ ಕಡೆ ವಾದ ಇದೆ. ಪ್ರತಿ ಓಟಿಗೂ ಒಂದೇ ತೂಕ ಇರಬೇಕು, ಜನ ಜಾಸ್ತಿ ಇರುವಲ್ಲಿ ಸಂಸದರೂ ಜಾಸ್ತಿ ಇರಬೇಕು ಎನ್ನುವುದು ಒಂದು. ದೇಶದ ನೀತಿಯನ್ನು ಪಾಲಿಸಿದ್ದಕ್ಕೆ ಶಿಕ್ಷೆ ಯಾಕೆ ಎನ್ನುವುದು ಇನ್ನೊಂದು. ಇದು ರಾಜಕೀಯವಾಗಿ ತೀರ್ಮಾನವಾಗಬೇಕಾದ ವಿಷಯ. ‘ಇನ್ನೂ ಮಕ್ಕಳನ್ನು ಹೆತ್ತರೆ ಸರಿಹೋಗುತ್ತೆ’ ಎಂಬ ಉಪಾಯ ಮಾತ್ರ ನಡೆಯುವುದಿಲ್ಲ. ಇಳಿದ ಹೆರಿಗೆಯನ್ನು ಮತ್ತೆ ಮೇಲೆತ್ತಿದ ದೇಶಗಳು ತೀರಾ ಅಪರೂಪ. ಚೀನಾ ಒಂದೇ ಮಗು ಎಂಬ ಕಟ್ಟಳೆಯನ್ನು 2016ರಲ್ಲಿ ಬಿಟ್ಟಿತು, ಆಮೇಲೆ ಮೂರರವರೆಗೆ ಬಿಟ್ಟಿತು. 2022ರಿಂದ ಅಲ್ಲಿಯ ಜನಸಂಖ್ಯೆ ಇಳಿಯುತ್ತಿದೆ. ಪಕ್ಕದ ಆಂಧ್ರದಲ್ಲಿ ಎರಡಕ್ಕಿಂತ ಜಾಸ್ತಿ ಮಕ್ಕಳಿದ್ದರೆ ಸ್ಥಳೀಯ ಚುನಾವಣೆಗೆ ನಿಲ್ಲುವಂತಿರಲಿಲ್ಲ. 2024ರಲ್ಲಿ ಆ ನಿಯಮವನ್ನು ತೆಗೆದುಹಾಕಿದರು. ಅಲ್ಲಿ ಈಗ ಚಿಂತೆ ಮುದುಕರದ್ದು.

ಎರಡು ಪ್ರಶ್ನೆ

ಹಿಂದಿನ ಗಣತಿಗಳಲ್ಲಿ ಮನೆಗೆ ಬಂದವರು ಹುಟ್ಟಿದ ಊರು ಯಾವುದು, ಇಲ್ಲಿಗೆ ಬಂದು ಎಷ್ಟು ವರ್ಷ, ಯಾಕೆ ಬಂದಿರಿ ಎಂದು ಕೇಳುತ್ತಿದ್ದರು. ಟ್ಯಾಂಕರ್‌ನ ಲೆಕ್ಕ ಸಿಗುವುದು ಅದರಿಂದ. ಮದುವೆಯಾದ ಹೆಂಗಸರಿಗೆ ಇನ್ನೆರಡು ಪ್ರಶ್ನೆ ಇರುತ್ತಿದ್ದವು, ಹುಟ್ಟಿದ ಮಕ್ಕಳೆಷ್ಟು, ಈಗ ಬದುಕಿರುವ ಮಕ್ಕಳೆಷ್ಟು. ಬೇರೆ ಬೇರೆ ಅಂಕಣ.

ಅಜ್ಜಿಯನ್ನು ಕೇಳಿದ್ದರೆ ಮೊದಲನೆಯದಕ್ಕೆ 9, ಎರಡನೆಯದಕ್ಕೆ 5 ಎಂದು ಬರೆದುಕೊಳ್ಳುತ್ತಿದ್ದರು. ಅಮ್ಮನದ್ದು 3, 3. 2011ರಲ್ಲಿ ನಮ್ಮ ಮನೆಗೆ ಬಂದ ಮೇಷ್ಟ್ರು ನನ್ನ ಹೆಂಡತಿಯನ್ನು ಮೊದಲ ಪ್ರಶ್ನೆ ಕೇಳಿ 1 ಎಂದು ಬರೆದರು. ಎರಡನೆಯದನ್ನು ಕೇಳಲೇ ಇಲ್ಲ. ತಾವೇ 1 ಎಂದು ತುಂಬಿ ಮುಂದಿನ ಸಾಲಿಗೆ ಹೋದರು.